ಬೆಳಕಿನ ವೇಗವು ಕುಂದುತ್ತಿದ್ದಿತೆ?

ಬೆಳಕಿನ ವೇಗವು ಸ್ಥಿರವೆಂಬ ಮಾತಿಗೆ ಎರಡು ಅರ್ಥಗಳುಂಟು. ನೋಡುವವನು ಹೇಗೆ ಚಲಿಸುತ್ತಿದ್ದರೂ ಶೂನ್ಯದಲ್ಲಿ ಆ ವೇಗವು ಒಂದೇ ಎಂಬುದು ಮೊದಲನೆಯದು. 1905ರಲ್ಲಿ ಐನ್‌ಸ್ಟೈನನು ಸಾಪೇಕ್ಷತಾವಾದಕ್ಕೆ ಅಸ್ತಿಭಾರವಾಗಿ ಇಟ್ಟುದು ಇದನ್ನೇ. ನಿನ್ನೆ ಇದ್ದ ವೇಗವೇ ಇಂದೂ ಇದೆ, ನೂರು ವರ್ಷಗಳ ಮೇಲೂ ಇರುವುದು ಎಂಬುದು ಎರಡನೆಯದು. ಈ ಎರಡನೆಯ ಅರ್ಥವನ್ನು ಕುರಿತು ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ ಒಂದು ವಾದ ಹುಟ್ಟಿತು. ಇಂದು ಅದನ್ನು ನೆನೆಯುವವರು ವಿರಳ. ಆದರೂ ಅದು ಮರೆಯತಕ್ಕ ವಾದವಲ್ಲ.

ವಾದವನ್ನು ಹೂಡಿದವನು ಗ್ಯುರಿ ದ ಬ್ರೇ ಎಂಬ ವಿದ್ವಾಂಸನು. ಅವನು ಹೊಸ ಪ್ರಯೋಗವನ್ನೇನೂ ಮಾಡಲಿಲ್ಲ. ಹಳೆಯ ಲೆಕ್ಕಗಳನ್ನು ಸಾಲಾಗಿ ಜೋಡಿಸಿ ನೋಡಿದನು, ಅಷ್ಟೆ. 1874ರಲ್ಲಿ ಫ್ರಾನ್ಸಿನ ಕೊರ್ನುವು ಹಲ್ಲುಚಕ್ರವನ್ನು ತಿರುಗಿಸಿ ಮಾಡಿದ ಪ್ರಯೋಗದ ತಿದ್ದಿದ ಫಲ ಸೆಕೆಂಡಿಗೆ 2,99,990 ಕಿಲೋಮೀಟರು. 1879ರಲ್ಲಿ ಅಮೆರಿಕದ ಮೈಕೆಲ್ಸನ್ನನಿಗೆ ದೊರೆತದ್ದು 2,99,910. 1902ರಲ್ಲಿ ಪೆರೊಟ್ಯಾಂ ಕಂಡದ್ದು 2,99,901. ಅದೇ ಮೈಕೆಲ್ಸನ್ನನು 1926ರಲ್ಲಿ ಕ್ಯಾಲಿಫೋರ್ನಿಯದ ವಿಲ್ಸನ್ ಗಿರಿಗೂ ಸಾನ್ ಅಂಟೋನಿಯೊ ಗಿರಿಗೂ ನಡುವಣ 22 ಮೈಲಿಯ ದೂರದಲ್ಲಿ ಬೆಳಕನ್ನು ಓಡಿಸಿ ಪಡೆದದ್ದು 2,99,796. ಅಂಕಿಗಳು ಇಳಿಯುತ್ತಲೇ ಬಂದಿವೆ! ವರ್ಷಕ್ಕೆ ಸುಮಾರು ನಾಲ್ಕು ಕಿಲೋಮೀಟರಿನಂತೆ ವೇಗವು ಕುಂದುತ್ತಿರಬೇಡವೆ, ಎಂದು ಅವನು ಕೇಳಿದನು. ಆ ವೇಳೆಗೆ ಮೈಕೆಲ್ಸನ್ನನು ಮೈಲಿಯುದ್ದದ ಕೊಳವೆಯೊಂದರಿಂದ ಗಾಳಿಯನ್ನು ಬಹುಮಟ್ಟಿಗೆ ತೆಗೆದು ಮತ್ತೊಂದು ಪ್ರಯೋಗವನ್ನು ಆರಂಭಿಸಿದ್ದನು. 1931ರಲ್ಲಿ ಅವನು ತೀರಿಕೊಳ್ಳಲು, ಪೀಸ್ ಮತ್ತು ಪಿಯರ್‌ಸನ್ ಎಂಬುವರು ಕೆಲಸವನ್ನು ಮುಗಿಸಿದರು. ಅವರ ಫಲ 2,99,774. ಇಳಿತವು ಮುಂದುವರಿದಂತೆಯೇ ಕಂಡಿತು. ಎಡ್ಮಂಡ್ಸನ್ ಎಂಬುವನು 1934ರಲ್ಲಿ, ಇದು ಬರಿಯ ಇಳಿತವಲ್ಲ, ನಾಲ್ವತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ತೂಗಾಟವೆಂದು ಒಂದು ಸೂತ್ರವನ್ನೇ ಕಟ್ಟಿಕೊಟ್ಟನು.

ಇದನ್ನು ಕೇಳಿ ನಗುವುದು ಸುಲಭ. ಆದರೆ ಪ್ರಶ್ನೆಯು ನ್ಯಾಯವಾದುದೇ ಆಗಿದ್ದಿತು. ಬದಲಾಗದೆಂದು ಯಾರೂ ಅಳೆದು ತೋರಿಸಿರಲಿಲ್ಲ; ಬದಲಾಗದೆಂದು ನಂಬಿದ್ದರು. 1882ರಲ್ಲಿ ವಾಷಿಂಗ್ಟನ್ನಿನ ನ್ಯೂಕೂಂಬನು ಕಂಡ 2,99,860 ಎಂಬ ಅಂಕಿಯು ಇಪ್ಪತ್ತು ವರ್ಷ ತರುವಾಯದ ಪೆರೊಟ್ಯಾಂನ ಅಂಕಿಗಿಂತ ಕಡಮೆಯೆಂಬುದು ನಿಜ. ಆದರೆ ಅಷ್ಟರಿಂದಲೇ ವಾದ ಮುರಿಯುವುದಿಲ್ಲ.

ಅದನ್ನು ಮುರಿದವನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬರ್ಜ್. 1934ರಲ್ಲಿ ಅವನು ಮುಂದಿಟ್ಟ ಯುಕ್ತಿಯನ್ನು ಹೀಗೆ ಬಿಡಿಸಿ ಹೇಳಬಹುದು. ಬೆಳಕಿನ ವೇಗವೆಂದರೆ ಅದರ ಅಲೆಯ ಉದ್ದವನ್ನು ಸೆಕೆಂಡಿಗೆ ಏಳುವ ಅಲೆಗಳ ಸಂಖ್ಯೆಯಿಂದ ಗುಣಿಸಿದ ಫಲ. ವೇಗವು ಕುಂದಿದರೆ ಅಲೆ ಗಿಡ್ಡವಾಗಬೇಕು, ಇಲ್ಲವೆ ಅಲೆಗಳ ಸಂಖ್ಯೆ ತಗ್ಗಬೇಕು. ಕ್ಯಾಡ್ಮಿಯಮ್ ಲೋಹದ ಕೆಂಬೆಳಕಿನ ಅಲೆಯನ್ನು ಪ್ಯಾರಿಸಿನ ಮೀಟರು ಕಂಬಿಯೊಡನೆ ಮೈಕೆಲ್ಸನ್ನನೇ 1892-93ರಲ್ಲಿ ಹೋಲಿಸಿ ನೋಡಿದ್ದನು. 1906ರಲ್ಲಿ ಬೆನ್ವಾ, ಫ್ಯಾಬ್ರಿ, ಪೆರೊ ಎಂಬ ಮೂವರು ಮತ್ತೆ ಹೋಲಿಸಿದರು. ದ ಬ್ರೇಯ ಲೆಕ್ಕದಂತೆ ಆ ಅವಧಿಯಲ್ಲಿ ಸುಮಾರು ಐದು ಸಾವಿರದಲ್ಲೊಂದು ಪಾಲು ವ್ಯತ್ಯಾಸ ಬರಬೇಕು. ಬಂದದ್ದು ಹತ್ತು ಲಕ್ಷದಲ್ಲೊಂದು ಪಾಲಿಗೂ ಕಡಮೆ. ಹಾಗಾದರೆ ವೇಗದ ಇಳಿತಕ್ಕೆ ಸರಿಯಾಗಿ ಲೋಕದ ಸಕಲ ಪರಮಾಣುಗಳ ಕಂಪನವೂ ಒಟ್ಟಿಗೆ ನಿಧಾನವಾಗುತ್ತಿದೆಯೆಂದು ಒಪ್ಪಬೇಕಾಗುತ್ತದೆ. ಅದಕ್ಕಿಂತ, ಹಳೆಯ ಪ್ರಯೋಗಗಳಲ್ಲಿ ದೋಷವಿದ್ದಿತೆಂದು ಒಪ್ಪುವುದೇ ಲೇಸು.

ಬರ್ಜನ ಪಕ್ಷವೇ ಸರಿ. ಆದರೆ ಕಥೆಯ ವಿನೋದವಿರುವುದು ಇದರ ಮುಂದೆ. ಸ್ಥಿರತೆಯನ್ನು ಸಮರ್ಥಿಸಿದ ಇದೇ ಬರ್ಜನು 1941ರಲ್ಲಿ ಎಲ್ಲ ಪ್ರಯೋಗಗಳನ್ನೂ ತೂಗಿನೋಡಿ, 2,99,776 ಎಂಬುದೇ ವೇಗವೆಂದೂ, ತಪ್ಪಿದ್ದರೆ ನಾಲ್ಕು ಕಿಲೋಮೀಟರಿನಷ್ಟೆಂದೂ ನಿರ್ಣಯಿಸಿದನು. ಮಿಟೆಲ್‌ಸ್ಟಾಟ್, ಆಂಡರ್‌ಸನ್, ಹ್ಯೂಟೆಲ್ ಮೊದಲಾದವರು ಬೇರೆಬೇರೆ ಉಪಕರಣಗಳಿಂದ ಆ ಸುತ್ತಿನ ಅಂಕಿಗಳನ್ನೇ ಪಡೆದಿದ್ದರು. ಯುದ್ಧವು ಮುಗಿಯುತ್ತಲೇ ಇಂಗ್ಲೆಂಡಿನ ಟೆಡ್ಡಿಂಗ್ಟನ್ನಿನಲ್ಲಿ ಎಸೆನ್ ಮತ್ತು ಗಾರ್ಡನ್-ಸ್ಮಿತ್ ಎಂಬುವರು ಲೋಹದ ಟೊಳ್ಳು ಸಿಲಿಂಡರಿನೊಳಗೆ ರೇಡಿಯೋ ಅಲೆಗಳನ್ನು ಅನುರಣಿಸುವಂತೆ ಮಾಡಿ ಅಳೆದರು. ಅವರಿಗೆ ದೊರೆತದ್ದು ಸುಮಾರು 2,99,792. ಮಾನ್ಯವಾಗಿದ್ದ ಅಂಕಿಗಿಂತ ಇದು ಹದಿನಾರು ಕಿಲೋಮೀಟರು ಹೆಚ್ಚು. ಬರ್ಜನು ಬಿಟ್ಟಿದ್ದ ಅಂಚಿಗೆ ನಾಲ್ಕು ಪಟ್ಟು. ಸ್ವೀಡನ್ನಿನ ಬೆರ್ಗ್‌ಸ್ಟ್ರಾಂಡನು ಬೆಳಕಿನಿಂದಲೂ, ಅಮೆರಿಕದ ಆಸ್ಲಾಕ್‌ಸನ್ನನು 1949ರಲ್ಲಿ ಭೂಮಾಪನದ ರೇಡಾರಿನಿಂದಲೂ ಅದನ್ನೇ ಕಂಡರು. ದ ಬ್ರೇಯ ಲೆಕ್ಕ ಸರಿಯಾಗಿದ್ದರೆ ಆ ಹೊತ್ತಿಗೆ 2,99,700ರ ಹತ್ತಿರವಿರಬೇಕಾಗಿದ್ದ ವೇಗವು, 1926ರ ಅಂಕಿಯ ಬಳಿಗೇ ಬಂದು ನಿಂತಿತು.

ಇಷ್ಟು ಮಂದಿ ನಿಪುಣರು ಒಂದೇ ಕಡೆಗೆ ತಪ್ಪಿದುದೇಕೆ? ನನಗೆ ತೋರುವುದಿಷ್ಟು: ಉತ್ತರವು ನಿರೀಕ್ಷೆಗೆ ವಿರುದ್ಧವಾದಾಗ ಪ್ರಯೋಗಕಾರನು ದೋಷವನ್ನು ಹುಡುಕುತ್ತಾನೆ, ನಿರೀಕ್ಷೆಯೊಡನೆ ಹೊಂದಿದಾಗ ಹುಡುಕುವುದನ್ನು ನಿಲ್ಲಿಸುತ್ತಾನೆ. ಮೈಕೆಲ್ಸನ್ನನ ಕೀರ್ತಿಯಂತಹ ಕೀರ್ತಿಯು ಕೊಳವೆಯ ಅಂಕಿಯ ಹಿಂದೆ ನಿಂತಿರುವಾಗ ಇದು ಇನ್ನೂ ಸಹಜ.

1972ರಲ್ಲಿ ಅಮೆರಿಕದ ಬೌಲ್ಡರಿನಲ್ಲಿ ಇವೆನ್ಸನ್ ಮತ್ತು ಅವನ ಸಹೋದ್ಯೋಗಿಗಳು ಲೇಸರಿನಿಂದ ಅಳೆದಾಗ ಸಂಶಯವು ಸೆಕೆಂಡಿಗೆ ಸುಮಾರು ಒಂದು ಮೀಟರಿಗೆ ಇಳಿಯಿತು. 1983ರಲ್ಲಿ ತೂಕ ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು ವೇಗವನ್ನು 29,97,92,458 ಮೀಟರೆಂದು ಗೊತ್ತುಮಾಡಿ, ಮೀಟರನ್ನೇ ಅದರಿಂದ ಅಳೆಯತಕ್ಕದ್ದೆಂದು ವಿಧಿಸಿತು. ಅಲ್ಲಿಂದ ಮುಂದೆ ಬೆಳಕಿನ ವೇಗದ ಅಂಕಿಯು ಬದಲಾಗುವುದೆಂಬ ಮಾತಿಗೆ ಅರ್ಥವೇ ಉಳಿಯಲಿಲ್ಲ. ಬದಲಾಗುವುದಾದರೆ ಮೀಟರು ಬದಲಾಗಬೇಕು. ಪ್ರಶ್ನೆ ಮಾತ್ರ ಸಾಯಲಿಲ್ಲ. ವೇಗವನ್ನು ಬಿಟ್ಟು, ವೇಗವೂ ವಿದ್ಯುತ್ಕಣದ ಆವೇಶವೂ ಪ್ಲಾಂಕನ ನಿಯತಾಂಕವೂ ಕೂಡಿ ಆಗುವ, ಸುಮಾರು 137ರಲ್ಲಿ ಒಂದಾದ, ಅಳತೆಯ ಹಂಗಿಲ್ಲದ ಸಂಖ್ಯೆಯ ಮೇಲೆ ಹೋಗಿ ಕುಳಿತಿತು. ಆಫ್ರಿಕದ ಗಬೊನ್ ದೇಶದ ಓಕ್ಲೋ ಎಂಬಲ್ಲಿ ಸುಮಾರು ಇನ್ನೂರು ಕೋಟಿ ವರ್ಷಗಳ ಹಿಂದೆ ಯುರೇನಿಯಮ್ ಅದಿರು ತಾನಾಗಿಯೇ ಉರಿದು ಬಿಟ್ಟುಹೋದ ಬೂದಿಯನ್ನು ಪರೀಕ್ಷಿಸಿ, ಅಂದಿನಿಂದ ಆ ಸಂಖ್ಯೆಯು ಕೋಟಿಗೆ ಒಂದೆರಡು ಪಾಲಿಗಿಂತ ಹೆಚ್ಚು ಬದಲಾಗಿರಲಾರದೆಂದು 1996ರಲ್ಲಿ ಡಮೂರ್ ಮತ್ತು ಡೈಸನ್ ಲೆಕ್ಕ ಹಾಕಿದರು.