ಜಾವಾ ಊರಿನ ಪ್ಯಾಕಿಂಗ್ ಕಾಗದ

ಯಾದವಗಿರಿಯ ಕಾರ್ಖಾನೆಗೆ ಬೀಗ ಬಿದ್ದದ್ದು 1996ರಲ್ಲಿ. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳು ಮೈಸೂರಿನ ಬೀದಿಗಳಲ್ಲಿ ಇವತ್ತಿಗೂ ಓಡುತ್ತಿವೆ. ಇದು ಹೇಗೆ ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು: ಆ ಕಾಲದ ಕಬ್ಬಿಣ ಗಟ್ಟಿ. ಗಟ್ಟಿ ಇತ್ತು, ನಿಜ. ಆದರೆ ಬಿಡಿಭಾಗ ಮಾಡುವ ಕಾರ್ಖಾನೆಯೇ ಇಲ್ಲದೆ ಒಂದು ಎಂಜಿನ್ನು ಇಷ್ಟು ವರ್ಷ ಬಾಳಬೇಕಾದರೆ ಬರೀ ಕಬ್ಬಿಣದಿಂದ ಆಗುವುದಿಲ್ಲ. ಎರಡು ಲೋಹದ ಮುಖಗಳ ನಡುವೆ ಕೂರುವ ತೆಳ್ಳನೆಯ ಗ್ಯಾಸ್ಕೆಟ್ಟನ್ನು, ನಮ್ಮ ಕಡೆ ಎಲ್ಲರೂ ಪ್ಯಾಕಿಂಗ್ ಅನ್ನುವ ಆ ಕಾಗದವನ್ನು, ಯಾರಾದರೂ ಮನೆಯಲ್ಲಿ ಕೂತು ಕತ್ತರಿಸಲೇಬೇಕು. ಮೈಸೂರಿನಲ್ಲಿ ಆ ಕೆಲಸ ಬಲ್ಲವರು ತುಂಬ ಜನ ಇದ್ದರು. ಈ ಗಾಡಿಗಳನ್ನು ಉಳಿಸಿದವರು ಅವರು ಎಂದೇ ನಾನು ನಂಬಿದ್ದೇನೆ.

ಜಾವಾ ಮೂಲದಲ್ಲಿ ಜೆಕೊಸ್ಲೊವಾಕಿಯಾದ್ದು. ಅಲ್ಲಿಂದ ಬರುತ್ತಿದ್ದ ಬೈಕುಗಳನ್ನು ಮುಂಬಯಿಯಲ್ಲಿ ಮಾರುತ್ತಿದ್ದ ಇರಾನಿ ಕುಟುಂಬ, ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ, ಅದನ್ನು ಇಲ್ಲೇ ತಯಾರಿಸಲು ಹೊರಟಿತು. 1960ರಲ್ಲಿ ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಶುರುವಾಯಿತು. ಉದ್ಘಾಟನೆ ಮಾಡಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1973ರ ಹೊತ್ತಿಗೆ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. ಹೆಸರು ಬದಲಾದರೂ ಎಂಜಿನ್ನಿನ ಮನೆತನ ಅದೇ: ಎರಡು ಸ್ಟ್ರೋಕು, ಒಂದೇ ಸಿಲಿಂಡರು, ಎರಡು ಸೈಲೆನ್ಸರು.

ನನ್ನ ಸೋದರಮಾವ ಆ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವ ಕಡೆ ಕೆಲಸದಲ್ಲಿದ್ದರು. ಅವರ ಮನೆ ಒಂಟಿಕೊಪ್ಪಲಿನಲ್ಲಿ. ಶಿಫ್ಟು ಮುಗಿಸಿ ಬಂದು ಕಾಫಿ ಕುಡಿಯುವಷ್ಟರಲ್ಲಿ ಗೇಟಿನ ಹೊರಗೆ ಯಾರದಾದರೂ ಒಂದು ಜಾವಾ ನಿಂತಿರುತ್ತಿತ್ತು. ದುಡ್ಡಿನ ಮಾತು ಬರುತ್ತಿರಲಿಲ್ಲ. ಕಾರ್ಖಾನೆ ಊರೊಳಗೇ ಇದ್ದದ್ದರಿಂದ, ಒಳಗೆ ಕಲಿತ ಕೈಕೆಲಸ ಸಂಜೆಗೆ ಬೀದಿಗೆ ಬರುತ್ತಿತ್ತು. ಬೇರೆ ಊರಿನವರು ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋಗಬೇಕಿತ್ತು. ನಮಗೆ ಪಕ್ಕದ ಮನೆಯವರೇ ಸಾಕಿತ್ತು.

ಮಾವ ಯಾವ ಗಾಡಿಗೂ ಮೊದಲು ಸ್ಪ್ಯಾನರ್ ಹಾಕುತ್ತಿರಲಿಲ್ಲ. ಸೋರುತ್ತಿರುವುದು ಏನು ಎಂದು ಬೆರಳಿಗೆ ಹಚ್ಚಿಕೊಂಡು ಮೂಸುತ್ತಿದ್ದರು. ಬುಲೆಟ್ಟಿನಂಥ ನಾಲ್ಕು ಸ್ಟ್ರೋಕಿನ ಗಾಡಿಯಲ್ಲಿ ಎಂಜಿನ್ ಆಯಿಲ್ ಎಂದು ಬೇರೆಯೇ ಇರುತ್ತದೆ. ಜಾವಾದಲ್ಲಿ ಹಾಗಲ್ಲ. ಪಿಸ್ಟನ್ನಿಗೆ ಬೇಕಾದ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಬೆರೆತು ಬಂದು ಸುಟ್ಟುಹೋಗುತ್ತದೆ. ನಿಂತ ಎಣ್ಣೆ ಇರುವುದು ಗೇರ್‌ಬಾಕ್ಸಿನಲ್ಲಿ ಮಾತ್ರ. ಕ್ಲಚ್ಚೂ ಅದರಲ್ಲೇ ಮುಳುಗಿರುತ್ತದೆ. ಹಾಗಾಗಿ ಕೆಳಗೆ ಬಿದ್ದ ಹನಿ ದಪ್ಪಗಿದ್ದು ಪೆಟ್ರೋಲ್ ವಾಸನೆ ಇಲ್ಲದಿದ್ದರೆ ಅದು ಕ್ಲಚ್ ಕವರಿನ ಪ್ಯಾಕಿಂಗಿನಿಂದ ಬಂದದ್ದು, ಇಲ್ಲವೇ ಕಿಕ್ಕರ್ ದಂಡ ಹೊರಬರುವ ಕಡೆಯಿಂದ. ಜಾವಾದಲ್ಲಿ ಕಿಕ್ಕರೂ ಗೇರ್ ಲಿವರೂ ಒಂದೇ. ಇಡೀ ದಿನ ಅಲ್ಲಾಡುವ ಆ ಜಾಗ ಸವೆಯುವುದು ಸಹಜ. ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಸಿಲಿಂಡರಿನ ಬುಡದ ಪ್ಯಾಕಿಂಗೋ ಕ್ರ್ಯಾಂಕ್‌ಕೇಸಿನ ಜಾಯಿಂಟೋ ಬಿಟ್ಟಿದೆ ಎಂದರ್ಥ. ಕಪ್ಪು ಜಿಡ್ಡಾದರೆ ಸೈಲೆನ್ಸರ್ ಕೂಡುವ ಕಡೆಯದು, ಅದಕ್ಕೆ ಹೆದರಬೇಕಿಲ್ಲ.

ಹನಿಯೇ ಬೀಳದೆ ಗೇರ್‌ಬಾಕ್ಸಿನ ಎಣ್ಣೆ ಇಳಿಯುತ್ತಾ ಹೊಗೆ ದಟ್ಟವಾದರೆ ಮಾತ್ರ ಮಾವನ ಮುಖ ಗಂಭೀರವಾಗುತ್ತಿತ್ತು. ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ, ಎಂಜಿನ್ನು ಗೇರ್ ಎಣ್ಣೆಯನ್ನು ಒಳಕ್ಕೆ ಎಳೆದುಕೊಂಡು ಸುಡುತ್ತಿದೆ ಎಂದು ಅದರ ಅರ್ಥ. ಅದು ಜಗಲಿಯ ಮೇಲೆ ಮುಗಿಯುವ ಕೆಲಸವಲ್ಲ.

ಎಲ್ಲಿಂದ ಸೋರುತ್ತಿದೆ ಎಂದು ಕಣ್ಣಿಗೆ ಕಾಣದಿದ್ದರೆ ಸೀಮೆಎಣ್ಣೆಯಲ್ಲಿ ಎಂಜಿನ್ ತೊಳೆದು ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ, ಒಂದು ಸುತ್ತು ಓಡಿಸಿಕೊಂಡು ಬರುತ್ತಿದ್ದರು. ಒದ್ದೆಯಾದ ಗೆರೆ ತಾನೇ ತೋರಿಸುತ್ತಿತ್ತು.

ಕತ್ತರಿಸುವ ವಿಚಾರದಲ್ಲಿ ಮೈಸೂರಿನಲ್ಲಿ ಎರಡು ಪಂಗಡ. ಹೆಚ್ಚಿನವರು ಪ್ಯಾಕಿಂಗ್ ಶೀಟನ್ನು ಕವರಿನ ಮೇಲೇ ಇಟ್ಟು, ಒಂದು ತುದಿ ಗುಂಡಗಿರುವ ಸುತ್ತಿಗೆಯಿಂದ ಅಂಚಿನುದ್ದಕ್ಕೂ ತಟ್ಟುತ್ತಾರೆ. ಲೋಹದ ಅಂಚೇ ಕಾಗದವನ್ನು ಕತ್ತರಿಸುತ್ತದೆ. ಬೇಗ ಆಗುತ್ತದೆ. ಆದರೆ ಅದು ಅಲ್ಯೂಮಿನಿಯಂ. ಪ್ರತಿ ಸಲ ತಟ್ಟಿದಾಗಲೂ ಅಂಚು ಒಂದಿಷ್ಟು ಉರುಟಾಗುತ್ತದೆ, ಮುಂದೆ ಅಲ್ಲೇ ಸೋರುತ್ತದೆ. ಮಾವ ಇನ್ನೊಂದು ಪಂಗಡ. ಕವರಿನ ಮುಖಕ್ಕೆ ಹಳೆಯ ಎಣ್ಣೆ ತೆಳ್ಳಗೆ ಸವರಿ, ಶೀಟಿನ ಮೇಲೆ ಒತ್ತಿ ಅಚ್ಚು ತೆಗೆದು, ಹೊರ ಅಂಚನ್ನು ಕತ್ತರಿಯಲ್ಲೂ ಒಳ ಅಂಚನ್ನು ಬ್ಲೇಡಿನಲ್ಲೂ ಕತ್ತರಿಸುತ್ತಿದ್ದರು. ಸ್ಕ್ರೂ ತೂತಿಗೆ ಮಾತ್ರ ಸುತ್ತಿಗೆ: ತೂತಿನ ಮೇಲೆ ಕಾಗದ, ಅದರ ಮೇಲೆ ಸೈಕಲ್ಲಿನ ಬೇರಿಂಗ್ ಗುಂಡು, ಒಂದು ಸಣ್ಣ ಏಟು. ದುಂಡಗೆ, ಎಳೆ ಏಳದಂತೆ ತೂತು ಬೀಳುತ್ತಿತ್ತು. ಮೊದಲು ಎದುರುಬದುರಿನ ಎರಡು ತೂತು ಮಾಡಿ ಸ್ಕ್ರೂ ತೂರಿಸಿಬಿಟ್ಟರೆ ಕಾಗದ ಆಮೇಲೆ ಜರುಗುವುದಿಲ್ಲ. ನಾನು ಎರಡೂ ರೀತಿಯಲ್ಲಿ ಮಾಡಿ ನೋಡಿದ್ದೇನೆ. ಮಾವನದೇ ಸರಿ.

ಶೀಟ್ ಸಿಗದ ದಿನಗಳೂ ಇದ್ದವು. ಆಗ ಡ್ರಾಯಿಂಗ್ ಶೀಟು, ಕ್ಯಾಲೆಂಡರಿನ ರಟ್ಟು, ದಪ್ಪನೆಯ ಲಗ್ನಪತ್ರಿಕೆ. ಕ್ಲಚ್ ಕವರಿಗೆ ಇವೆಲ್ಲ ನಡೆಯುತ್ತವೆ, ಅಲ್ಲಿ ಎಣ್ಣೆಗೆ ಅಂಥ ಒತ್ತಡವಿಲ್ಲ. ಎಣ್ಣೆಯಲ್ಲಿ ನೆನೆಸಿ ಹಾಕಿದ ಡ್ರಾಯಿಂಗ್ ಶೀಟು ವರ್ಷಗಟ್ಟಲೆ ಬಾಳಿದ್ದನ್ನು ಕಂಡಿದ್ದೇನೆ. ಸಿಲಿಂಡರ್ ಬುಡಕ್ಕೆ ಮಾತ್ರ ಸಿಕ್ಕಿದ್ದು ಹಾಕುವಂತಿಲ್ಲ. ಪ್ಯಾಕಿಂಗ್ ದಪ್ಪವಾದರೆ ಸಿಲಿಂಡರು ಅಷ್ಟು ಮೇಲೆ ಕೂತು, ಪೋರ್ಟುಗಳು ಬೇಗ ತೆರೆದುಕೊಂಡು, ಕಂಪ್ರೆಷನ್ ಇಳಿಯುತ್ತದೆ. ಅಲ್ಲಿ ಸಂದು ಬಿಟ್ಟರಂತೂ ಎಣ್ಣೆ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುವುದೇ ಅಪಾಯ. ಎರಡು ಸ್ಟ್ರೋಕಿನ ಕ್ರ್ಯಾಂಕ್‌ಕೇಸು ಪಂಪಿನ ಕೆಲಸ ಮಾಡುತ್ತದೆ. ಬೇಡದ ಗಾಳಿ ಸೇರಿದರೆ ಪೆಟ್ರೋಲೂ ಅದರೊಳಗಿನ ಎಣ್ಣೆಯೂ ಸಾಲದೆ ಪಿಸ್ಟನ್ ಕಾದು ಜಾಮ್ ಆಗುತ್ತದೆ. ಹೊರಗಿನಿಂದ ನೋಡಿದರೆ ಬರೀ ಒಂದು ಜಿಡ್ಡಿನ ಕಲೆ.

"ಸಂದಿಗೆ ಸ್ಕ್ರೂಡ್ರೈವರ್ ಹಾಕ್ಬೇಡ ಕಣೋ, ಮರದ ಕೊಡತಿಲಿ ಸುತ್ತ ತಟ್ಟು, ತಾನೇ ಬಿಡುತ್ತೆ." ಮಾವನಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಮನೆಯಲ್ಲಿ ಮಾಡುವ ಕೆಲಸ ಕೆಡುವುದು ಬಹುಪಾಲು ಇಲ್ಲೇ. ಕವರ್ ಬರಲಿಲ್ಲವೆಂದು ಮೀಟಿದರೆ ಲೋಹದ ಮುಖದ ಮೇಲೆ ಗೀರು ಬೀಳುತ್ತದೆ, ಆಮೇಲೆ ಎಂಥ ಪ್ಯಾಕಿಂಗೂ ಅದನ್ನು ತುಂಬುವುದಿಲ್ಲ. ಹಳೆಯ ಪ್ಯಾಕಿಂಗ್ ಕೆರೆಯಲು ಅವರದು ಬಿದಿರಿನ ಚಕ್ಕೆ. ಆಮೇಲೆ ಗಾಜಿನ ಮೇಲೆ ನೀರೆಮರಿ ಕಾಗದ ಹಾಸಿ, ಕವರನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜುತ್ತಿದ್ದರು; ತಗ್ಗಿದ್ದ ಕಡೆ ಹೊಳಪು ಬರದೆ ಕಪ್ಪಗೇ ಉಳಿಯುತ್ತಿತ್ತು. ಕೂರಿಸುವಾಗ ಕವರಿನ ಕಡೆ ಮಾತ್ರ ಶೆಲ್ಲಾಕ್, ಎಂಜಿನ್ ಕಡೆ ಗ್ರೀಸು, ಮತ್ತೆ ಬಿಚ್ಚುವಾಗ ಹರಿಯದೆ ಬರಲಿ ಎಂದು. ಸ್ಕ್ರೂಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಎಣ್ಣೆ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹಳೆಯ ಬೂದು ಬಣ್ಣದ ಶೀಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ವಿಷ, ಆಗ ಬೀದಿಯಲ್ಲಿ ಯಾರೂ ಇದನ್ನು ಹೇಳುತ್ತಿರಲಿಲ್ಲ. ಹಳೆಯ ಎಂಜಿನ್ ಬಿಚ್ಚುವವರು ಪ್ಯಾಕಿಂಗನ್ನು ಚೆನ್ನಾಗಿ ಒದ್ದೆ ಮಾಡಿ ಕೆರೆಯಬೇಕು. ಒಣಗಿದ್ದನ್ನು ಕೆರೆಯಬಾರದು, ಊದಬಾರದು.

ನಮ್ಮ ಬೀದಿಯಲ್ಲಿ ಈ ಕೆಲಸಕ್ಕೆ ಒಂದು ಕಾಲವೂ ಇತ್ತು. ನವರಾತ್ರಿಗೆ ಬೊಂಬೆ ಕೂರಿಸುವ ಹೊತ್ತಿಗೆ ಗಂಡಸರು ಜಗಲಿಯಲ್ಲಿ ಕ್ಲಚ್ ಕವರ್ ಬಿಚ್ಚಿಕೊಂಡು ಕೂರುತ್ತಿದ್ದರು. ಆಯುಧಪೂಜೆಯ ದಿನ ಗಾಡಿಯ ಕೆಳಗೆ ರಂಗೋಲಿ ಹಾಕುತ್ತಾರೆ. ಅದರ ಮೇಲೆ ಎಣ್ಣೆ ಹನಿ ಬಿದ್ದರೆ ಅವಮಾನ. "ಈ ಸಲ ನನ್ನ ರಂಗೋಲಿ ಮೇಲೆ ಒಂದು ತೊಟ್ಟೂ ಬೀಳ್ಕೂಡದು ನೋಡಿ" ಎಂದು ಅಮ್ಮ ಅಪ್ಪನಿಗೆ ಮುಂಚೆಯೇ ಹೇಳಿಬಿಡುತ್ತಿದ್ದಳು.

ಎಂಬತ್ತರ ದಶಕದ ನಡುವೆ ಜಪಾನಿನ ಜೊತೆಗಾರಿಕೆಯ ನೂರು ಸಿಸಿ ಬೈಕುಗಳು ಬಂದವು. 1985ರ ಹೀರೋ ಹೋಂಡಾ ಪೆಟ್ರೋಲನ್ನೂ ಕಡಿಮೆ ಕುಡಿಯುತ್ತಿತ್ತು, ಎಣ್ಣೆಯನ್ನೂ ಸೋರಿಸುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಕಾರ್ಖಾನೆ ನಿಂತಿತು. ಪ್ಯಾಕಿಂಗ್ ಸೆಟ್ಟು ಅಂಗಡಿಗಳಲ್ಲಿ ಮುಗಿಯುತ್ತಾ ಬಂತು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೂ ಸಿಕ್ಕಿದ್ದು ತೂತಿಗೆ ತೂತು ಕೂಡದ ಮಾಲು. ಅಲ್ಲಿಯವರೆಗೆ ಹವ್ಯಾಸವಾಗಿದ್ದ ಕತ್ತರಿಕೆಲಸ ಆಗ ಅನಿವಾರ್ಯವಾಯಿತು. ಮಾವನ ಹತ್ತಿರ ರಟ್ಟಿನಲ್ಲಿ ಕತ್ತರಿಸಿಟ್ಟ ಮಾದರಿಗಳು ಇದ್ದವು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಗಾಡಿಯ ಹೆಸರು, ಕಾಗದದ ದಪ್ಪ. ಅವನ್ನು ಕೇಳಿಕೊಂಡು ಮಂಡ್ಯ, ಹಾಸನದಿಂದಲೂ ಹುಡುಗರು ಬರುತ್ತಿದ್ದರು.

2018ರಲ್ಲಿ ಜಾವಾ ಹೆಸರು ಹೊಸ ಕಂಪನಿಯಿಂದ ಮತ್ತೆ ಬಂತು: ನಾಲ್ಕು ಸ್ಟ್ರೋಕು, ನೀರಿನಿಂದ ತಂಪಾಗುವ ಎಂಜಿನ್ನು, ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಚೆಂದದ ಗಾಡಿ, ಆದರೆ ಲಗ್ನಪತ್ರಿಕೆ ಅದರ ಕೆಲಸಕ್ಕೆ ಬರುವುದಿಲ್ಲ. ಹಳೆಯವುಗಳ ಬಳಗ ಬೇರೆಯೇ ಇದೆ; ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಎಂದು ಗಾಡಿ ಹೊರಡಿಸುತ್ತಾರೆ. ಅವರಲ್ಲಿ ಕಂಪ್ಯೂಟರ್ ಬಲ್ಲ ಹುಡುಗರು ಮಾವನ ರಟ್ಟುಗಳನ್ನು ಸ್ಕ್ಯಾನ್ ಮಾಡಿಕೊಂಡು ಹೋಗಿ ಲೇಸರಿನಲ್ಲಿ ಕತ್ತರಿಸಿ ತರುತ್ತಾರೆ. ಅಂಚು ನಮ್ಮ ಬ್ಲೇಡಿಗಿಂತ ಚೆನ್ನಾಗಿ ಬರುತ್ತದೆ. ಕ್ಲಚ್ ಕವರಿನದ್ದನ್ನು ಕಣ್ಣು ಮುಚ್ಚಿ ಹಾಕಬಹುದು. ಸಿಲಿಂಡರ್ ಬುಡದ್ದನ್ನು ಮಾತ್ರ ನಾನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡುತ್ತೇನೆ, ಮಾವ ಪೆನ್ಸಿಲಿನಲ್ಲಿ ಬರೆದ ದಪ್ಪಕ್ಕೆ ಕೂಡದಿದ್ದರೆ ಬೇರೆ ಶೀಟಿನಲ್ಲಿ ಕತ್ತರಿಸಿ ತರಲು ಹೇಳುತ್ತೇನೆ.