ಕಂಕುಳಿನ ಹೆಚ್ಚುವರಿ ಅಂಗಾಂಶ: ಶಸ್ತ್ರಚಿಕಿತ್ಸೆ

ಕಂಕುಳಲ್ಲಿ ಉಬ್ಬಿಕೊಂಡಿರುವುದೆಲ್ಲ ಕೊಬ್ಬಲ್ಲ. ಭ್ರೂಣದಲ್ಲಿ ಕಂಕುಳಿನಿಂದ ತೊಡೆಸಂದಿನವರೆಗೆ ಹಾಯುವ ಕ್ಷೀರರೇಖೆ ಪೂರ್ತಿ ಅಳಿಯದೆ ಉಳಿದರೆ ಅಲ್ಲಿ ಸ್ತನದ ಅಂಗಾಂಶವೇ ಬೆಳೆಯುತ್ತದೆ. ಮುಟ್ಟು, ಬಸಿರು, ಬಾಣಂತನದ ದಿನಗಳಲ್ಲಿ ಅದು ಊದಿ ನೋಯುವುದುಂಟು. ಅನೇಕರಿಗೆ ಅದರ ಅರಿವಾಗುವುದೇ ಆಗ.

ಬರೀ ಕೊಬ್ಬಾದರೆ ಲೈಪೊಸಕ್ಷನ್ ಸಾಕು. 1970ರ ದಶಕದಲ್ಲಿ ಯುರೋಪಿನಲ್ಲಿ ರೂಪುಗೊಂಡ ಈ ವಿಧಾನದಲ್ಲಿ ಸಣ್ಣ ರಂಧ್ರದ ಮೂಲಕ ಕೊಳವೆ ತೂರಿಸಿ ಕೊಬ್ಬನ್ನು ಹೀರುತ್ತಾರೆ. ಸ್ತನದ ಗ್ರಂಥಿಯಾದರೆ ಅದು ಗಟ್ಟಿ, ಸಾಮಾನ್ಯವಾಗಿ ಕೊಯ್ದೇ ತೆಗೆಯಬೇಕು. ಕೊಯ್ದ ಗೆರೆಯನ್ನು ಕಂಕುಳಿನ ಮಡಿಕೆಯಲ್ಲಿ ಅಡಗಿಸುವುದು ವೈದ್ಯರ ಜಾಣ್ಮೆ. ತೆಗೆದ ತುಂಡನ್ನು ಪ್ರಯೋಗಾಲಯಕ್ಕೆ ಕಳಿಸುವುದು ಅಗತ್ಯ, ಏಕೆಂದರೆ ಅಪರೂಪಕ್ಕೆ ಅಲ್ಲೂ ಕ್ಯಾನ್ಸರ್ ಹುಟ್ಟುತ್ತದೆ. ಬಹಳ ತೂಕ ಇಳಿಸಿಕೊಂಡವರ ಜೋತುಬಿದ್ದ ಚರ್ಮಕ್ಕೆ ಬ್ರಾಕಿಯೋಪ್ಲಾಸ್ಟಿ, ಅಂದರೆ ತೋಳಿನ ಹೆಚ್ಚುವರಿ ಚರ್ಮ ತೆಗೆಯುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತೋಳಿನ ಒಳಬದಿಯ ಉದ್ದನೆಯ ಕಲೆ ಅದಕ್ಕೆ ತೆರಬೇಕಾದ ಬೆಲೆ.

ಗುಜರಾತಿನಲ್ಲಿ ಅಹಮದಾಬಾದ್, ವಡೋದರ, ಸೂರತ್‌ಗಳ ಖಾಸಗಿ ಕ್ಲಿನಿಕ್‌ಗಳಲ್ಲಿ ಈ ಶಸ್ತ್ರಚಿಕಿತ್ಸೆಗಳು ಲಭ್ಯ. ಅಹಮದಾಬಾದಿನ ಸಿವಿಲ್ ಆಸ್ಪತ್ರೆ, ವಡೋದರದ ಸರ್ ಸಯಾಜಿರಾವ್ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳಲ್ಲೂ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ.

ನವರಾತ್ರಿಯಲ್ಲಿ ತೋಳಿಲ್ಲದ ಚೋಲಿ ತೊಡುವ ಆಸೆಯಿಂದ ಹಬ್ಬದ ಹೊಸ್ತಿಲಲ್ಲಿ ಶಸ್ತ್ರಚಿಕಿತ್ಸೆಗೆ ಹೋಗಬಾರದು: ಬಳಿಕ ಕೆಲವು ವಾರ ಬಿಗಿಪಟ್ಟಿ ಧರಿಸಿರಬೇಕು, ತೋಳೆತ್ತಿ ಗರ್ಬಾ ಕುಣಿಯುವಂತಿಲ್ಲ.