ಧ್ವನಿಮುದ್ರಿಕೆಯ ಚಟಪಟ ಸದ್ದು: ಒಂದು ಆಕರವಿಚಾರ

ಶಾಸನಗಳ ಅಚ್ಚುಪ್ರತಿಗಳನ್ನು ಓದಿ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಕಾಗದದ ಮೇಲೆ ಕಾಣುವ ಗೆರೆಗಳೆಲ್ಲವೂ ಅಕ್ಷರದ ಗೆರೆಗಳಲ್ಲ. ಕೆಲವು ಕಲ್ಲಿನ ಬಿರುಕುಗಳು, ಕೆಲವು ಅಚ್ಚು ತೆಗೆಯುವಾಗ ಕಾಗದ ಸುಕ್ಕುಗೊಂಡುದರ ಗುರುತುಗಳು. ಇವನ್ನು ಬೇರ್ಪಡಿಸದೆ ಪಾಠವನ್ನು ನಿರ್ಣಯಿಸಲು ಹೊರಟವನು ರಾಜನ ಹೆಸರನ್ನೇ ತಪ್ಪಾಗಿ ಓದಿಯಾನು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಸಂಗೀತದ ಇತಿಹಾಸಕ್ಕೆ ಆಕರಗಳನ್ನಾಗಿ ಬಳಸುವವರಿಗೆ ಇದೇ ಎಚ್ಚರಿಕೆ ಕಿವಿಯ ವಿಷಯದಲ್ಲಿಯೂ ಅವಶ್ಯಕ. ಈಗ ನಾವು ಸಾಮಾನ್ಯವಾಗಿ ಕೇಳುವುದು ತಟ್ಟೆಯನ್ನಲ್ಲ, ಅದರಿಂದ ತೆಗೆದ ಡಿಜಿಟಲ್ ಪ್ರತಿಯನ್ನು. ಅದರಲ್ಲಿ ಕೇಳಿಬರುವ ಚಟಪಟ ಸದ್ದು ತಟ್ಟೆಯದೋ, ಪ್ರತಿ ತೆಗೆದ ಯಂತ್ರದ್ದೋ, ನಮ್ಮ ಮೇಜಿನ ಮೇಲಿರುವ ಕಂಪ್ಯೂಟರಿನದೋ?

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾನವನ್ನು ಮುದ್ರಿಸಿಕೊಂಡರು. ಮೈಕ್ರೊಫೋನಿನ ಕಾಲ ಇನ್ನೂ ಬಂದಿರಲಿಲ್ಲ. ತಗಡಿನ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು. ತಟ್ಟೆಗಳು ಅಚ್ಚಾದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿನ ಕೊನೆಯಲ್ಲಿ ಗಾಯಕಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುವುದು ಅಲ್ಲಿನ ಕೆಲಸಗಾರರ ಗುರುತಿಗಾಗಿ. ಈ ಗಾಯಕಿಯೇ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಾಲವಾದರು. ಆದುದರಿಂದ ಆ ಕಂಠದ ವಿಚಾರ ನಮ್ಮವರಿಗೆ ಹೊರಗಿನದಲ್ಲ.

ಆ ತಟ್ಟೆಗಳು ಅರಗಿನವು. ಆದರೆ ಬರಿಯ ಅರಗಲ್ಲ: ಅದರೊಡನೆ ನುಣ್ಣಗೆ ಅರೆದ ಕಲ್ಲಿನ ಪುಡಿ, ಹತ್ತಿಯ ನಾರು, ಕಾಡಿಗೆ ಇವನ್ನು ಬೆರೆಸುತ್ತಿದ್ದರು. ಕಲ್ಲಿನ ಪುಡಿ ತಟ್ಟೆಗೆ ಗಟ್ಟಿತನವನ್ನು ಕೊಡುತ್ತಿತ್ತು; ಉಕ್ಕಿನ ಮುಳ್ಳನ್ನು ಉಜ್ಜಿ ಗೀರಿನ ಆಕಾರಕ್ಕೆ ಒಗ್ಗಿಸುತ್ತಲೂ ಇತ್ತು. ಅದೇ ಕಣಗಳು ಮುಳ್ಳಿಗೆ ತಾಗಿ ಕರಕರ ಎನ್ನುತ್ತಿದ್ದುವು. ಹೊಚ್ಚ ಹೊಸ ತಟ್ಟೆಯನ್ನು ಕೊಂಡು ತಂದವನಿಗೂ ಈ ಸದ್ದು ತಪ್ಪಿದ್ದಲ್ಲ. ಅದನ್ನು ಮುಪ್ಪಿನ ಲಕ್ಷಣವೆಂದು ಮಾತ್ರ ಭಾವಿಸುವುದು ನಮ್ಮ ಕಾಲದ ತಪ್ಪು ತಿಳುವಳಿಕೆ.

ಇನ್ನು ಪ್ರತಿಯ ವಿಚಾರ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಸಂಗ್ರಹಾಲಯಗಳು ಇಷ್ಟಕ್ಕೆ ತೃಪ್ತರಾಗದೆ 96,000 ಸಲ, 24 ಬಿಟ್ ಎಂಬ ಕ್ರಮವನ್ನು ಅನುಸರಿಸತೊಡಗಿದುವು; 1,92,000 ಸಲ ಅಳೆಯುವವರೂ ಉಂಟು. ಕಹಳೆಯಲ್ಲಿ ಮುದ್ರಿತವಾದ ಕಂಠಕ್ಕೆ ಇಷ್ಟು ಸೂಕ್ಷ್ಮತೆ ಏಕೆಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ, ಆ ಕಂಠದಲ್ಲಿ ಅಷ್ಟು ಎತ್ತರದ ಕಂಪನಗಳು ಉಳಿದಿಲ್ಲ. ಆದರೆ ಗೀರಿನ ಗಾಯದ ಸದ್ದು ಬಹು ಚೂಪಾದುದು. ಅದರ ಆಕಾರ ಸ್ಪಷ್ಟವಾಗಿ ದಾಖಲಾದರೆ, ಮುಂದೆ ಹಾಡಿಗೆ ಪೆಟ್ಟಾಗದಂತೆ ಅದನ್ನು ತೆಗೆಯಲು ಸಾಧ್ಯ.

ಈ ಸೂಕ್ಷ್ಮತೆಗೆ ಒಂದು ಬೆಲೆಯನ್ನು ತೆರಬೇಕು. ಎರಡು ವಾಹಿನಿಗಳ ಸಿ.ಡಿ. ಧ್ವನಿಗೆ ಸೆಕೆಂಡಿಗೆ 14,11,200 ಬಿಟ್‌ಗಳು ಸಾಕು; 1,92,000ದ 24 ಬಿಟ್ ಧ್ವನಿಗೆ 92,16,000 ಬೇಕು. ಕಂಪ್ಯೂಟರು ಈ ಅಳತೆಗಳನ್ನು ಬಫರ್ ಎಂಬ ತೊಟ್ಟಿಯಲ್ಲಿ ತುಂಬುತ್ತಿರುತ್ತದೆ. ಧ್ವನಿಯಂತ್ರ ಅದನ್ನು ನಿಯತವಾಗಿ ಖಾಲಿ ಮಾಡುತ್ತಿರುತ್ತದೆ. 512 ಅಳತೆಗಳು ಹಿಡಿಯುವ ತೊಟ್ಟಿ ಸಿ.ಡಿ. ಕ್ರಮದಲ್ಲಿ 11.6 ಮಿಲಿಸೆಕೆಂಡುಗಳಿಗೆ ಸಾಲುತ್ತದೆ. 1,92,000ದ ಕ್ರಮದಲ್ಲಿ 2.7 ಮಿಲಿಸೆಕೆಂಡುಗಳಲ್ಲೇ ಬರಿದಾಗುತ್ತದೆ. ಅಷ್ಟರೊಳಗೆ ನಿಸ್ತಂತು ಜಾಲದ ಡ್ರೈವರೋ ವಿದ್ಯುತ್ತನ್ನು ಉಳಿಸುವ ವ್ಯವಸ್ಥೆಯೋ ಪ್ರೊಸೆಸರನ್ನು ತಡೆದು ನಿಲ್ಲಿಸಿದರೆ ತೊಟ್ಟಿ ಒಣಗುತ್ತದೆ, ಧ್ವನಿಯ ಅಲೆ ಮಧ್ಯದಲ್ಲಿ ತುಂಡಾಗುತ್ತದೆ. ಆ ತುಂಡೇ ಕಿವಿಗೆ 'ಚಟ್' ಎಂದು ಕೇಳುವುದು. ಅರಗಿನ ತಟ್ಟೆಯ ಸದ್ದಿಗೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ತೊಂದರೆಯ ಮೂಲವೂ ಅಲ್ಲಿಯೇ.

ಈ ಲೇಖಕನೇ ಒಮ್ಮೆ ಮೋಸಹೋದದ್ದುಂಟು. ಇಂಥ ಒಂದು ಪ್ರತಿಯನ್ನು ಕೇಳುತ್ತ, ಎಲ್ಲೆಲ್ಲಿ ತಟ್ಟೆ ಗಾಯಗೊಂಡಿದೆ ಎಂಬುದನ್ನು ಮೂರು ದಿನ ಕುಳಿತು ಗುರುತು ಹಾಕಿಕೊಂಡೆ. ವಿದ್ಯಾರ್ಥಿಯೊಬ್ಬರು ಅದೇ ಫೈಲನ್ನು ತಮ್ಮ ಯಂತ್ರದಲ್ಲಿ ನುಡಿಸಿದಾಗ ನನ್ನ ಗುರುತುಗಳಲ್ಲಿ ಬಹುಪಾಲಿಗೆ ಆಧಾರವೇ ಇರಲಿಲ್ಲ! ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಸರಳವಾದುದು. ಫೈಲನ್ನು ಎರಡು ಸಲ ನುಡಿಸಬೇಕು. ಸದ್ದು ಸ್ಥಳ ಬದಲಿಸಿದರೆ ದೋಷ ನುಡಿಸುವ ಯಂತ್ರದ್ದು. ಆಗ ಬಫರನ್ನು ಹಿಗ್ಗಿಸಬೇಕು. ಯಂತ್ರದ ಅಳತೆಯ ಕ್ರಮವನ್ನು ಫೈಲಿನದಕ್ಕೆ ಸರಿಹೊಂದಿಸಬೇಕು. ಹಲವು ಉಪಕರಣಗಳು ಹಂಚಿಕೊಂಡಿರುವ ಯು.ಎಸ್.ಬಿ. ಹಬ್ಬನ್ನು ಬಿಟ್ಟು ತಂತಿಯನ್ನು ನೇರವಾಗಿ ಜೋಡಿಸಬೇಕು; ನಿಸ್ತಂತು ಜಾಲವನ್ನು ಸ್ವಲ್ಪ ಹೊತ್ತು ನಿಲ್ಲಿಸಿ ನೋಡಬೇಕು. ಒಂದೊಂದಾಗಿಯೇ ಮಾಡಬೇಕು, ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಸದ್ದು ಹೋದೀತು, ಕಾರಣ ತಿಳಿಯದು.

ಸದ್ದು ಅದೇ ಸ್ಥಳದಲ್ಲಿ ನಿಂತರೆ ಅದು ಫೈಲಿನೊಳಗಿದೆ. ಆದರೂ ತಟ್ಟೆಯದೆಂದು ಹೇಳುವ ಹಾಗಿಲ್ಲ. 78 ಸುತ್ತಿನ ತಟ್ಟೆ ಒಮ್ಮೆ ತಿರುಗಲು ಸುಮಾರು 0.77 ಸೆಕೆಂಡು ಬೇಕು. ತಟ್ಟೆಗೆ ಅಡ್ಡಲಾಗಿ ಬಿದ್ದ ಗೀಚು ಈ ಅಂತರದಲ್ಲಿ ಮತ್ತೆ ಮತ್ತೆ, ತಾಳ ಹಾಕಿದಂತೆ, ಸದ್ದು ಮಾಡುತ್ತದೆ. (ಪ್ರತಿ ತೆಗೆದವರು ವೇಗವನ್ನು ಬರೆದಿಡಲು ಮರೆತಿದ್ದರೆ, ಈ ಗೀಚಿನಿಂದಲೇ ಅವರು ತಟ್ಟೆಯನ್ನು ತಿರುಗಿಸಿದ ವೇಗವನ್ನು ಲೆಕ್ಕಹಾಕಬಹುದು. ಆ ಕಾಲದ ತಟ್ಟೆಗಳೆಲ್ಲ 78ರಲ್ಲಿಯೇ ಮುದ್ರಿತವಾದುವಲ್ಲವಾದ್ದರಿಂದ ಇದು ಸಣ್ಣ ಉಪಕಾರವೇನಲ್ಲ.) ಕಂಪ್ಯೂಟರಿನ ತೊಟ್ಟಿಗೆ ಈ ತಾಳ ಗೊತ್ತಿಲ್ಲ. ಫೈಲು ನಕಲಾಗುವಾಗ ಕೆಟ್ಟಿರಬಹುದೆಂಬ ಸಂಶಯವಿದ್ದರೆ, ಅದು 2001ರಿಂದ ಬಳಕೆಯಲ್ಲಿರುವ ಫ್ಲಾಕ್ ರೂಪದ್ದಾಗಿದ್ದಲ್ಲಿ, ಮೂಲ ಧ್ವನಿಯ ತಾಳೆಸಂಖ್ಯೆ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ, ಹೋಲಿಸಿದರಾಯಿತು.

ಉಳಿಯುವುದು ಅತಿ ಕಠಿಣವಾದ ಪ್ರಸಂಗ. ಪ್ರತಿ ತೆಗೆದ ದಿನವೇ ಆ ಯಂತ್ರದ ಬಫರು ತುಂಬಿ ಹರಿದಿದ್ದರೆ, ಕೆಲವು ಅಳತೆಗಳು ದಾಖಲಾಗದೆ ಹೋಗಿ, 'ಚಟ್' ಎಂಬುದು ಫೈಲಿನಲ್ಲಿ ಶಾಶ್ವತವಾಗಿ ಕೂರುತ್ತದೆ. ಇದು ಲಿಪಿಕಾರನ ಸ್ಖಾಲಿತ್ಯದಂತೆ. ತಾಳೆಸಂಖ್ಯೆಯೂ ಅದನ್ನು ಸರಿಯೆಂದೇ ಹೇಳುತ್ತದೆ. ಮೂಲ ತಟ್ಟೆ ಕೈಯಲ್ಲಿದ್ದರೆ ಎರಡನೆಯ ಪ್ರತಿಯನ್ನು ತೆಗೆದು ಹೋಲಿಸಬಹುದು. ಅರಗಿನ ತಟ್ಟೆಯಾದರೋ ಕೈಜಾರಿದರೆ ಚೂರಾಗುವ ವಸ್ತು. ಅದು ಒಡೆದ ಮೇಲೆ ಆ ಕ್ಷಣದಲ್ಲಿ ಗಾಯಕಿ ಏನು ಹಾಡಿದ್ದರೆಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಹೀಗಿರುವಾಗ ಸದ್ದನ್ನು ಅಳಿಸಿ ನಯಗೊಳಿಸಿದ ಪ್ರತಿಯನ್ನಷ್ಟೇ ಇಟ್ಟುಕೊಂಡು ಮೊದಲಿನದನ್ನು ಬಿಸಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹಾಡಿನ ವ್ಯಂಜನಗಳ ಸ್ಫೋಟವನ್ನೂ ವೀಣೆಯ ಮೀಟನ್ನೂ ಗೀಚೆಂದು ತಿಳಿದು ಸವರಿಹಾಕಿದ ಪ್ರತಿಗಳನ್ನು ನಾನು ಕೇಳಿದ್ದೇನೆ.

ಮೂರು ದಿನ ಹಾಕಿದ ಆ ಗುರುತುಗಳ ಹಾಳೆಯನ್ನು ಇಟ್ಟುಕೊಂಡಿದ್ದೇನೆ. ಸಮ ಅಂತರದಲ್ಲಿ ಬಂದವನ್ನು ಉಳಿಸಿ, ಉಳಿದವುಗಳ ಎದುರಿಗೆ ಯಂತ್ರದ ಹೆಸರನ್ನೂ ತಾರೀಖನ್ನೂ ಬರೆದಿದ್ದೇನೆ. ಎರಡು ಕಡೆ ಮಾತ್ರ ಪ್ರಶ್ನೆಚಿಹ್ನೆ ಇನ್ನೂ ಇದೆ.